ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ಮೊದಲೇ ಮಾಡಬೇಕಾದ ಕೆಲಸ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲಿನ ಎರಡು ವಾರ ನಮ್ಮ ಮನೆಗಳಲ್ಲಿ ನಡೆಯುವ ಮಾತುಕತೆ ಹೆಚ್ಚುಕಡಿಮೆ ಒಂದೇ ತೆರನದು. ಎಂಬತ್ತೈದರ ಮೇಲೆ ಬಂದರೆ ಸೈನ್ಸ್, ಅರವತ್ತರ ಆಸುಪಾಸು ಬಂದರೆ ಕಾಮರ್ಸ್, ಅದಕ್ಕೂ ಕೆಳಗಾದರೆ ಆರ್ಟ್ಸ್ ಅಥವಾ ಐಟಿಐ. ಸೋದರಮಾವ ಒಂದು ಸಲಹೆ ಕೊಡುತ್ತಾರೆ, ಪಕ್ಕದ ಮನೆಯ ಹುಡುಗ ಸೇರಿದ ಕಾಲೇಜಿನ ಹೆಸರು ಬರುತ್ತದೆ, ಅರ್ಜಿಗೆ ಕೊನೆಯ ದಿನ ಹತ್ತಿರವಾಗಿರುತ್ತದೆ, ಸೇರಿಸಿಬಿಡುತ್ತೇವೆ. ಆ ಮಗು ಮುಂದೆ ಮೂವತ್ತು ನಲವತ್ತು ವರ್ಷ ದಿನಾ ಬೆಳಿಗ್ಗೆ ಎದ್ದು ಯಾವ ಕೆಲಸಕ್ಕೆ ಹೋಗಬೇಕು ಎಂಬುದರ ದಿಕ್ಕು ಈ ಗಡಿಬಿಡಿಯಲ್ಲಿ ನಿಶ್ಚಯವಾಗುತ್ತದೆ. ಅಂಕಪಟ್ಟಿ ಎಲ್ಲರ ಕೈಯಲ್ಲೂ ಓಡಾಡಿರುತ್ತದೆ. ಯಾವ ಕೆಲಸ ಹೇಗಿರುತ್ತದೆ ಎಂಬುದನ್ನು ಮಾತ್ರ ಮಗುವಿಗೆ ಯಾರೂ ತೋರಿಸಿರುವುದಿಲ್ಲ.

ಉದ್ಯೋಗಕ್ಕೆ ತಯಾರಿ ಎಂದರೆ ಕೋರ್ಸ್ ಹುಡುಕುವುದು ಎಂದು ನಾವು ತಿಳಿದುಕೊಂಡಿದ್ದೇವೆ. ಕೋರ್ಸ್ ಆಯ್ಕೆ ಕೊನೆಯ ಮೆಟ್ಟಿಲು. ಅದಕ್ಕೆ ಮೊದಲು ಎಂಟು, ಒಂಬತ್ತು, ಹತ್ತನೇ ತರಗತಿಯ ಮೂರು ವರ್ಷಗಳಲ್ಲಿ ಮಗು ಹತ್ತಾರು ಬಗೆಯ ಕೆಲಸಗಳನ್ನು ಕಣ್ಣಾರೆ ಕಂಡಿರಬೇಕು, ಒಂದೆರಡನ್ನು ಕೈಯಾರೆ ಮಾಡಿರಬೇಕು. ತನಗೆ ಯಾವುದು ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಎಂಬ ಅಂದಾಜು ಅದಕ್ಕೆ ಇರಬೇಕು. ಇದಕ್ಕೆ ದೊಡ್ಡ ಶಾಲೆಯೋ ಹಣವೋ ಬೇಕಿಲ್ಲ. ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲೂ ಇದು ಸಾಧ್ಯ. ಶಿಕ್ಷಕರಿಗೂ ಹೆತ್ತವರಿಗೂ ಉಪಯೋಗವಾಗುವಂತೆ ಅದರ ವಿವರ ಇಲ್ಲಿದೆ.

ಮೊದಲು ಕೆಲಸ ನೋಡಲಿ

ಒಂಬತ್ತನೇ ತರಗತಿಗೆ ಹೋಗಿ ಮುಂದೆ ಏನಾಗುತ್ತೀರಿ ಎಂದು ಕೇಳಿ ನೋಡಿ. ಡಾಕ್ಟರ್, ಎಂಜಿನಿಯರ್, ಪೊಲೀಸ್, ಟೀಚರ್, ಮಿಲಿಟರಿ. ಈಚೆಗೆ ಐಎಎಸ್ ಸೇರಿದೆ. ಮಕ್ಕಳ ತಪ್ಪೇನೂ ಇದರಲ್ಲಿಲ್ಲ. ಅವರು ಹತ್ತಿರದಿಂದ ಕಂಡದ್ದು, ಸಿನಿಮಾದಲ್ಲಿ ನೋಡಿದ್ದು ಇಷ್ಟೇ. ಅದೇ ಊರಿನಲ್ಲಿ ಹಾಲಿನ ಡೇರಿಯ ಕಾರ್ಯದರ್ಶಿ ಇರುತ್ತಾರೆ, ಆರೋಗ್ಯ ಕೇಂದ್ರದಲ್ಲಿ ಲ್ಯಾಬ್ ಟೆಕ್ನಿಶಿಯನ್ ಇರುತ್ತಾರೆ, ಕಂಬ ಹತ್ತುವ ಪವರ್‌ಮ್ಯಾನ್ ಇರುತ್ತಾರೆ. ಜಮೀನು ಅಳೆಯಲು ಬರುವ ಭೂಮಾಪಕರು, ದನಕ್ಕೆ ಇಂಜೆಕ್ಷನ್ ಕೊಡಲು ಬರುವ ಪಶು ಆಸ್ಪತ್ರೆಯವರು, ಜೆಸಿಬಿ ಓಡಿಸುವವರು, ಅಂಚೆಯವರು, ಮೊಬೈಲ್ ರಿಪೇರಿಯವರು ಎಲ್ಲರೂ ಕಣ್ಣೆದುರಿಗೇ ಓಡಾಡುತ್ತಾರೆ. ಅವರು ಏನು ಓದಿದ್ದಾರೆ, ಆ ಕೆಲಸಕ್ಕೆ ಹೇಗೆ ಬಂದರು ಎಂದು ಯಾವ ಮಗುವೂ ಕೇಳಿರುವುದಿಲ್ಲ.

ಎಂಟನೇ ತರಗತಿಯಲ್ಲೇ ಒಂದು ಹೋಂವರ್ಕ್ ಕೊಡಬಹುದು. ನಡೆದು ಹೋಗುವಷ್ಟು ದೂರದಲ್ಲಿ ಇರುವ ಇಪ್ಪತ್ತು ಬಗೆಯ ದುಡಿಮೆಯವರ ಪಟ್ಟಿ ಮಾಡಿ ತರಬೇಕು. ಅವರಲ್ಲಿ ಐವರೊಂದಿಗೆ ಕೂತು ಮಾತಾಡಿ ಬರೆದುಕೊಳ್ಳಬೇಕು. ಮಕ್ಕಳು ಸಾಮಾನ್ಯವಾಗಿ “ನಿಮ್ಮ ಕೆಲಸ ಇಷ್ಟವೇ?” ಎಂದು ಕೇಳಿ ಸುಮ್ಮನಾಗುತ್ತಾರೆ, ಉತ್ತರವೂ ಹೂಂ ಎಂದೇ ಬರುತ್ತದೆ. ಅದರ ಬದಲು ಹೀಗೆ ಕೇಳಲು ಹೇಳಿಕೊಡಿ: “ಅಣ್ಣಾ, ಈ ಕೆಲಸ ಎಲ್ಲಿ ಕಲಿತಿರಿ? ಕಲಿಯುವಾಗ ಎಷ್ಟು ಕೊಡುತ್ತಿದ್ದರು? ಯಾವ ತಿಂಗಳಲ್ಲಿ ಕೆಲಸ ಹೆಚ್ಚು, ಯಾವ ತಿಂಗಳಲ್ಲಿ ಕೈ ಖಾಲಿ? ಮೈಗೆ ಕಷ್ಟ ಅನಿಸುವುದು ಯಾವುದು? ಈಗ ನೀವು ಹತ್ತನೇ ತರಗತಿಯಲ್ಲಿದ್ದಿದ್ದರೆ ಏನು ಓದುತ್ತಿದ್ದಿರಿ?” ಕೊನೆಯ ಪ್ರಶ್ನೆಗೆ ಸಿಗುವ ಉತ್ತರಗಳನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಬೇಕು. ಪಠ್ಯಪುಸ್ತಕದಲ್ಲಿ ಸಿಗದ ಬುದ್ಧಿಮಾತು ಅಲ್ಲಿರುತ್ತದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ಹತ್ತು ದಿನ ಬ್ಯಾಗ್ ಇಲ್ಲದೆ ಸ್ಥಳೀಯ ಕುಶಲಕರ್ಮಿಗಳ ಬಳಿ ಕಲಿಯಲು ಅವಕಾಶವಿರಬೇಕು ಎಂದಿತು. ನಮ್ಮ ರಾಜ್ಯದ ಶಾಲೆಗಳಲ್ಲಿ ಸಂಭ್ರಮ ಶನಿವಾರದ ಹೆಸರಿನಲ್ಲಿ ಬ್ಯಾಗ್‌ರಹಿತ ದಿನ ನಡೆಯುತ್ತಿದೆ. ಆ ಶನಿವಾರಗಳಲ್ಲಿ ಒಂದೆರಡನ್ನಾದರೂ ಶಾಲೆಯ ಗೇಟಿನಾಚೆ ಕಳೆಯಬೇಕು. ಎಲ್ಲಿಗೆ ಹೋಗುವುದು ಎಂಬ ಚಿಂತೆ ಬೇಡ. ತಾಲ್ಲೂಕು ಕೇಂದ್ರದ ಯಾವ ಮೋಟಾರ್ ರಿವೈಂಡಿಂಗ್ ಅಂಗಡಿಯಾದರೂ ಸಾಕು.

ಅಂಥ ಅಂಗಡಿಯೊಂದರಲ್ಲಿ ಹತ್ತನೇ ತರಗತಿಯ ಮಕ್ಕಳು ಒಂದು ಗಂಟೆ ನಿಂತರೆ ಏನು ಕಾಣುತ್ತದೆ ಎಂದು ಹೇಳುತ್ತೇನೆ. ಸುಟ್ಟ ಮೋಟಾರು ಬಂದಿರುತ್ತದೆ. ಮೇಸ್ತ್ರಿ ಹಳೆಯ ಸುರುಳಿಯನ್ನು ಕತ್ತರಿಸಿ ತೆಗೆಯುತ್ತಾರೆ. ಎಸೆಯುವ ಮೊದಲು ಅದರಲ್ಲಿ ಎಷ್ಟು ಸುತ್ತು ಇತ್ತು ಎಂದು ಎಣಿಸಿ, ತಂತಿಯ ದಪ್ಪವನ್ನು ಗೇಜಿನಲ್ಲಿ ಅಳೆದು ಎಣ್ಣೆ ಮೆತ್ತಿದ ನೋಟ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಸ್ಟೇಟರಿನ ಒಳಗೆ 36 ತೋಡುಗಳಿವೆ ಎನ್ನಿ. ಅವರ ಬಾಯಲ್ಲಿ ಅದು ಸ್ಲಾಟ್. ಮೂರು ಫೇಸ್, ನಾಲ್ಕು ಪೋಲ್. ಒಂದು ಪೋಲಿಗೆ ಒಂದು ಫೇಸಿಗೆ ಎಷ್ಟು ಸ್ಲಾಟ್? ಮೂರನ್ನು ನಾಲ್ಕರಿಂದ ಗುಣಿಸಿದರೆ 12, ಮೂವತ್ತಾರನ್ನು ಹನ್ನೆರಡರಿಂದ ಭಾಗಿಸಿದರೆ ಮೂರು. ಮೇಸ್ತ್ರಿ ಇದನ್ನು ಬಾಯಿಲೆಕ್ಕದಲ್ಲಿ ಮುಗಿಸಿ, ಕಾಗದದ ಇನ್ಸುಲೇಷನ್ ತೂರಿಸಿ, ಹೊಸ ಸುರುಳಿಗಳನ್ನು ಕೂರಿಸುತ್ತಾರೆ. ನಮ್ಮ ಕರೆಂಟು 50 ಹರ್ಟ್ಸ್. ಹಾಗಾಗಿ ನಾಲ್ಕು ಪೋಲಿನ ಮೋಟಾರಿನಲ್ಲಿ ಕಾಂತಕ್ಷೇತ್ರ ನಿಮಿಷಕ್ಕೆ 1,500 ಸುತ್ತು ತಿರುಗುತ್ತದೆ, ಮೋಟಾರು ಅದಕ್ಕಿಂತ ತುಸು ನಿಧಾನವಾಗಿ ಓಡುತ್ತದೆ. ಬೋರ್‌ವೆಲ್ಲಿನ ಸಬ್‌ಮರ್ಸಿಬಲ್ ಸಾಮಾನ್ಯವಾಗಿ ಎರಡು ಪೋಲಿನದು, ಅದರ ಓಟ ಇದರ ಇಮ್ಮಡಿ.

ವಿದ್ಯುತ್ಪ್ರವಾಹದ ಕಾಂತೀಯ ಪರಿಣಾಮದ ಪಾಠವನ್ನು ಆ ಮಕ್ಕಳು ಅದೇ ವರ್ಷ ಓದುತ್ತಿರುತ್ತಾರೆ. ಒಂದು ಫೇಸ್ ಹೋದಾಗ ಮೋಟಾರು ಯಾಕೆ ಸುಡುತ್ತದೆ ಎಂದು ಮೇಸ್ತ್ರಿ ಹೇಳುವಾಗ, ಮನೆಯಲ್ಲಿ ಅಪ್ಪ ಪಂಪ್‌ಸೆಟ್ ಸುಟ್ಟಿತೆಂದು ಸಾಲ ಮಾಡಿದ್ದು ರೈತರ ಮಕ್ಕಳಿಗೆ ನೆನಪಾಗುತ್ತದೆ. ಪಾಠ, ಮನೆ, ದುಡಿಮೆ ಮೂರೂ ಅಲ್ಲಿ ಒಟ್ಟಿಗೆ ಸೇರುತ್ತವೆ. ಗಣಿತ ಯಾಕೆ ಕಲಿಯಬೇಕು ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. ಡೇರಿಯಲ್ಲೂ ಹಾಗೆಯೇ. ಲ್ಯಾಕ್ಟೋಮೀಟರ್ ಏನು ಹೇಳುತ್ತದೆ, ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ನೋಡಿ ಹಾಲಿನ ದರ ಹೇಗೆ ಕಟ್ಟುತ್ತಾರೆ ಎಂದು ಕಂಡ ಮಗುವಿಗೆ ಶೇಕಡಾವಾರು ಲೆಕ್ಕ ಮತ್ತೆ ಮರೆಯುವುದಿಲ್ಲ.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಕೆಲಸ ತೋರಿಸುವುದು ಬೇರೆ, ಮಕ್ಕಳನ್ನು ದುಡಿಸಿಕೊಳ್ಳುವುದು ಬೇರೆ. 1986ರ ಬಾಲಕಾರ್ಮಿಕ ಕಾಯ್ದೆ 2016ರಲ್ಲಿ ತಿದ್ದುಪಡಿಯಾದ ಮೇಲೆ 14 ವರ್ಷದೊಳಗಿನವರನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. 14ರಿಂದ 18ರವರನ್ನು ಅಪಾಯಕಾರಿ ಕೆಲಸಕ್ಕೆ ಹಚ್ಚುವಂತಿಲ್ಲ. ರಜೆಯಲ್ಲಿ ಗ್ಯಾರೇಜಿಗೆ ಕಳಿಸಿದರೆ ಕಲಿತುಕೊಳ್ಳುತ್ತಾನೆ ಎಂದು ಕಳಿಸಿದ ಹುಡುಗ ಜೂನ್‌ನಲ್ಲಿ ಶಾಲೆಗೆ ಮರಳದಿರುವುದನ್ನು ನಮ್ಮ ಶಿಕ್ಷಕರು ಬೇಕಾದಷ್ಟು ನೋಡಿದ್ದಾರೆ. ಶಿಕ್ಷಕರ ಜೊತೆಗೆ ಹೋಗಿ, ನೋಡಿ, ಕೇಳಿ, ಬರೆದುಕೊಂಡು ವಾಪಸ್ ಬರುವುದಷ್ಟೇ ಇರಲಿ.

ಸಂತೆಯ ಮರುದಿನದ ಲೆಕ್ಕ

ನಮ್ಮ ಎಷ್ಟೋ ಶಾಲೆಗಳಲ್ಲಿ ಮಕ್ಕಳ ಸಂತೆ ನಡೆಯುತ್ತದೆ. ಮೆಟ್ರಿಕ್ ಮೇಳ ಎಂದೂ ಕರೆಯುತ್ತಾರೆ. ಸೊಪ್ಪು, ನಿಂಬೆಹಣ್ಣು, ಮಂಡಕ್ಕಿ, ಚುರುಮುರಿ, ಅಮ್ಮ ಮಾಡಿಕೊಟ್ಟ ಚಕ್ಕುಲಿ, ಎಲ್ಲ ಬಿಕರಿಯಾಗುತ್ತದೆ. ಊರವರು ಬಂದು ಕೊಳ್ಳುತ್ತಾರೆ, ಫೋಟೊ ತೆಗೆಯುತ್ತಾರೆ, ಸಂಜೆಗೆ ಮುಗಿಯುತ್ತದೆ. ನಿಜವಾದ ಪಾಠ ಮರುದಿನ ಶುರುವಾಗಬೇಕು, ಅದನ್ನೇ ನಾವು ಬಿಟ್ಟುಬಿಡುತ್ತೇವೆ.

ಮುನ್ನೂರು ರೂಪಾಯಿಗೆ ಚಕ್ಕುಲಿ ಮಾರಿದ ಹುಡುಗಿ ಮುನ್ನೂರೂ ಲಾಭ ಎಂದುಕೊಂಡಿರುತ್ತಾಳೆ. ಅಕ್ಕಿಹಿಟ್ಟಿಗೆ, ಎಣ್ಣೆಗೆ, ಗ್ಯಾಸಿಗೆ ಎಷ್ಟಾಯಿತು ಎಂದು ಬರೆಸಿ. ಅಮ್ಮ ಎಷ್ಟು ಹೊತ್ತು ಒಲೆ ಮುಂದೆ ಕೂತಿದ್ದರು, ಅಷ್ಟು ಹೊತ್ತಿನ ಕೂಲಿ ನಮ್ಮೂರಲ್ಲಿ ಎಷ್ಟು ಎಂದು ಕೇಳಿ. ಉಳಿದ ಚಕ್ಕುಲಿ ಎಷ್ಟು, ಸಾಲ ಹೇಳಿ ಹೋದವರು ಯಾರು ಎಂಬುದನ್ನೂ ಸೇರಿಸಿ. ಇದೆಲ್ಲ ಕಳೆದ ಮೇಲೆ ಕೈಯಲ್ಲಿ ಉಳಿದದ್ದು ಲಾಭ. ಕೆಲವರಿಗೆ ನಷ್ಟವೇ ಬಂದಿರುತ್ತದೆ. ಅಮ್ಮನ ದುಡಿಮೆಗೆ ಬೆಲೆ ಕಟ್ಟುವಾಗ ತರಗತಿ ಗಂಭೀರವಾಗುತ್ತದೆ. ಅಂಗಡಿ ಇಡುವವರಿಗೂ, ಕಂಪನಿಯಲ್ಲಿ ಲೆಕ್ಕ ಬರೆಯುವವರಿಗೂ, ಹೊಲ ಮಾಡುವವರಿಗೂ ಬೇಕಾದ ತಿಳಿವಳಿಕೆ ಇದು.

ಶಾಲೆಯೊಳಗೇ ಇಂಥ ಅವಕಾಶಗಳು ಬೇಕಾದಷ್ಟಿವೆ. ವಾರ್ಷಿಕೋತ್ಸವದ ಖರ್ಚಿನ ಅಂದಾಜುಪಟ್ಟಿಯನ್ನು ಮಕ್ಕಳೇ ಮಾಡಲಿ. ಶಾಮಿಯಾನದವರಿಗೆ ಫೋನ್ ಮಾಡಿ ದರ ಕೇಳುವುದು, ಚೌಕಾಸಿ ಮಾಡುವುದು ಅವರದೇ ಕೆಲಸವಾಗಲಿ. ಗ್ರಾಮ ಪಂಚಾಯಿತಿಯಲ್ಲಿ ವರ್ಷಕ್ಕೊಮ್ಮೆ ನಡೆಯುವ ಮಕ್ಕಳ ಗ್ರಾಮಸಭೆಗೆ ಬರೆದುಕೊಟ್ಟ ಭಾಷಣ ಓದಿಸುವ ಬದಲು, ಶಾಲೆಗೆ ಬೇಕಾದ ಒಂದು ಸೌಲಭ್ಯವನ್ನು ಕೇಳಿ ಅರ್ಜಿ ಬರೆಯಲು, ಸ್ವೀಕೃತಿ ಪಡೆಯಲು, ತಿಂಗಳ ನಂತರ ಹೋಗಿ ಏನಾಯಿತು ಎಂದು ವಿಚಾರಿಸಲು ಕಲಿಸಬೇಕು. ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ದಿನಪತ್ರಿಕೆ ಇರುತ್ತದೆ, ಹಲವು ಕಡೆ ಕಂಪ್ಯೂಟರೂ ಇದೆ. ಅಲ್ಲಿ ವಾರಕ್ಕೆರಡು ಸಂಜೆ ಕಳೆದರೆ ಟೈಪಿಂಗ್ ಬರುತ್ತದೆ, ಅರ್ಜಿ ನಮೂನೆ ತುಂಬುವ ಹೆದರಿಕೆ ಹೋಗುತ್ತದೆ. ಹೊಸಬರೊಂದಿಗೆ ತಡವರಿಸದೆ ಮಾತಾಡುವುದು, ಹೇಳಿದ ಹೊತ್ತಿಗೆ ಬರುವುದು, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದು ಹೇಳಿ ಕೇಳಿ ತಿಳಿದುಕೊಳ್ಳುವುದು, ಯಾವ ಕೆಲಸಕ್ಕೆ ಸೇರಿಸಿಕೊಳ್ಳುವವರೂ ಮೊದಲು ನೋಡುವುದು ಇವನ್ನೇ.

ಹತ್ತನೇ ತರಗತಿಯ ಅಂಕ ಎಲ್ಲಿಯವರೆಗೆ ಬರುತ್ತದೆ?

ಅಂಕದ ಹಿಂದೆ ಓಡಬಾರದು ಎಂದು ಭಾಷಣದಲ್ಲಿ ಹೇಳುವುದು ಸುಲಭ. ನಾನು ಹಾಗೆ ಹೇಳಲಾರೆ. ಎಸ್ಸೆಸ್ಸೆಲ್ಸಿಯ 625 ಅಂಕಗಳ ಪಟ್ಟಿ ಪಿಯು ಕಾಲೇಜಿನ ಬಾಗಿಲಲ್ಲೇ ನಿಲ್ಲುವುದಿಲ್ಲ, ಮುಂದೆಯೂ ಬರುತ್ತದೆ. ಗ್ರಾಮೀಣ ಅಂಚೆ ಸೇವಕರ ಹುದ್ದೆಗೆ ಪರೀಕ್ಷೆಯಿಲ್ಲ, ಹತ್ತನೇ ತರಗತಿಯ ಅಂಕದ ಮೇಲೆಯೇ ಆಯ್ಕೆ. ವಿದ್ಯುತ್ ಕಂಪನಿಗಳ ಕಿರಿಯ ಪವರ್‌ಮ್ಯಾನ್ ಹುದ್ದೆಗೆ ಎಸ್ಸೆಸ್ಸೆಲ್ಸಿ ಅಂಕ ನೋಡಿ, ಕಂಬ ಹತ್ತುವುದೂ ಸೇರಿದ ದೈಹಿಕ ಪರೀಕ್ಷೆ ಮಾಡುತ್ತಾರೆ. ನೈರುತ್ಯ ರೈಲ್ವೆಯ ಹುಬ್ಬಳ್ಳಿ, ಮೈಸೂರು ಕಾರ್ಯಾಗಾರಗಳ ಅಪ್ರೆಂಟಿಸ್ ಆಯ್ಕೆಯಲ್ಲಿ ಹತ್ತನೇ ತರಗತಿಯ ಮತ್ತು ಐಟಿಐಯ ಅಂಕಗಳನ್ನು ಸೇರಿಸಿ ಮೆರಿಟ್ ಪಟ್ಟಿ ಮಾಡುತ್ತಾರೆ. ಐಟಿಐಗೆ ಹೋಗುವವನಿಗೆ ಅಂಕ ಯಾಕೆ ಎಂದು ಉದಾಸೀನ ಮಾಡಿದ ಹುಡುಗ ನಾಲ್ಕು ವರ್ಷದ ನಂತರ ಪೇಚಾಡುತ್ತಾನೆ. ಓದಿನಲ್ಲಿ ಹಿಂದಿರುವ ಮಕ್ಕಳಿಗೆ ಇದನ್ನು ಹೆದರಿಸಲೆಂದು ಹೇಳಬೇಡಿ. ಪಾಸಾದರೆ ಸಾಕು ಎನ್ನುವ ಮಗುವಿಗೆ ಇನ್ನೂ ಐವತ್ತು ಅಂಕ ಹೆಚ್ಚು ತೆಗೆದರೆ ಎಷ್ಟು ಬಾಗಿಲು ತೆರೆಯುತ್ತವೆ ಎಂದು ತೋರಿಸಲು ಹೇಳಿ.

ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್ ವಿದ್ಯಾರ್ಥಿವೇತನದ ಪರೀಕ್ಷೆ ಬರುತ್ತದೆ. ಸರ್ಕಾರಿ ಮತ್ತು ಅನುದಾನಿತ ಶಾಲೆಯ, ವಾರ್ಷಿಕ ಆದಾಯ ಮೂರೂವರೆ ಲಕ್ಷ ರೂಪಾಯಿ ಮೀರದ ಮನೆಯ ಮಕ್ಕಳಿಗೆ. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ. ಅದರ ಬೌದ್ಧಿಕ ಸಾಮರ್ಥ್ಯದ ಪ್ರಶ್ನೆಪತ್ರಿಕೆಯ ಅಭ್ಯಾಸ ಮುಂದೆ ಬ್ಯಾಂಕ್, ರೈಲ್ವೆ ಪರೀಕ್ಷೆಗಳಿಗೂ ಆಗಿಬರುತ್ತದೆ. ಆದ್ದರಿಂದ ನಾಲ್ಕು ಜಾಣ ಮಕ್ಕಳನ್ನಷ್ಟೇ ಆರಿಸದೆ ಅರ್ಹರಾದ ಎಲ್ಲರನ್ನೂ ಕೂರಿಸುವುದು ಒಳ್ಳೆಯದು.

ಪಿಯುಸಿ ಸೇರುವವರು ಕೇಳಬೇಕಾದ ಮೊದಲ ಪ್ರಶ್ನೆ, ಯಾವ ವಿಷಯ ಬಿಟ್ಟರೆ ಯಾವ ಬಾಗಿಲು ಮುಚ್ಚುತ್ತದೆ ಎಂಬುದು. ಗಣಿತ ಬಿಟ್ಟರೆ ಎಂಜಿನಿಯರಿಂಗ್ ಇಲ್ಲ. ಜೀವಶಾಸ್ತ್ರ ಬಿಟ್ಟರೆ ವೈದ್ಯಕೀಯ, ಪಶುವೈದ್ಯಕೀಯ, ಬಿಎಸ್ಸಿ ನರ್ಸಿಂಗ್ ಇಲ್ಲ. ಪಿಸಿಎಂಬಿ ತೆಗೆದುಕೊಂಡರೆ ಎರಡೂ ಉಳಿಯುತ್ತವೆ, ಹೊರೆಯೂ ಹೆಚ್ಚು. ವಾಣಿಜ್ಯ ವಿಭಾಗದಲ್ಲಿ ಬೇಸಿಕ್ ಮ್ಯಾಥ್ಸ್ ಅಥವಾ ಸಂಖ್ಯಾಶಾಸ್ತ್ರ ಇರುವ ಕಾಂಬಿನೇಷನ್ ಸಿಕ್ಕರೆ ಬಿಡಬಾರದು, ಸಿಎ ಓದುವವರಿಗೂ ಬಿಸಿಎ ಓದುವವರಿಗೂ ಅದು ಕೈ ಹಿಡಿಯುತ್ತದೆ. ಕಲಾ ವಿಭಾಗ ಕೊನೆಯ ಆಯ್ಕೆ ಎಂಬ ಮಾತನ್ನು ಮನೆಯಲ್ಲಿ ಆಡಲೇಬೇಡಿ. ಐದು ವರ್ಷದ ಕಾನೂನು ಪದವಿಗೆ, ಶಿಕ್ಷಕ ವೃತ್ತಿಗೆ, ಸಮಾಜಕಾರ್ಯಕ್ಕೆ, ಕೆಎಎಸ್ ತಯಾರಿಗೆ ಅಲ್ಲಿಂದ ನೇರ ದಾರಿಯಿದೆ. ಮೂರು ವರ್ಷದ ಜಿಎನ್‌ಎಂ ನರ್ಸಿಂಗ್‌ಗೂ ಕಲಾ ವಿಭಾಗದವರು ಹೋಗಬಹುದು.

ಕನ್ನಡ ಮಾಧ್ಯಮದಿಂದ ಬಂದು ಪಿಯುಸಿ ವಿಜ್ಞಾನ ಸೇರುವ ಮಕ್ಕಳ ಸಂಕಟ ಬೇರೆಯದು. ಮೊದಲ ಮೂರು ತಿಂಗಳು ಪಾಠ ಇಂಗ್ಲಿಷಿನಲ್ಲಿ ಓಡುತ್ತದೆ, ಗೊತ್ತಿದ್ದ ವಿಷಯವೂ ಗೊತ್ತಿಲ್ಲದಂತಾಗುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ತೊಂಬತ್ತು ತೆಗೆದವರು ಮೊದಲ ಕಿರುಪರೀಕ್ಷೆಯಲ್ಲಿ ಫೇಲಾಗಿ ಅಳುತ್ತಾ ಮನೆಗೆ ಬರುತ್ತಾರೆ. ಪರೀಕ್ಷೆ ಮುಗಿದ ಏಪ್ರಿಲ್‌ನಿಂದ ಕಾಲೇಜು ಶುರುವಾಗುವವರೆಗೆ ಸಿಗುವ ಬಿಡುವಿನಲ್ಲಿ ಒಂಬತ್ತು, ಹತ್ತನೇ ತರಗತಿಯ ವಿಜ್ಞಾನ ಮತ್ತು ಗಣಿತ ಪುಸ್ತಕಗಳ ಇಂಗ್ಲಿಷ್ ಮಾಧ್ಯಮದ ಪ್ರತಿಯನ್ನು ಕನ್ನಡದ ಪ್ರತಿಯ ಪಕ್ಕದಲ್ಲಿಟ್ಟು ಪುಟಕ್ಕೆ ಪುಟ ಓದಿದರೆ ಈ ಪೆಟ್ಟು ಬಹಳ ಮಟ್ಟಿಗೆ ತಪ್ಪುತ್ತದೆ. ಎರಡೂ ಪುಸ್ತಕ ಒಂದೇ ಪಾಠಗಳವು, ಶಾಲೆಯಲ್ಲೇ ಎರವಲು ಸಿಗುತ್ತವೆ.

ಪಿಯುಸಿ ಬಿಟ್ಟು ಬೇರೆ ದಾರಿಗಳು

ಈ ದಾರಿಗಳ ಬಗ್ಗೆ ಮನೆಗಳಲ್ಲಿ ಹೆಚ್ಚು ಮಾತಾಗುವುದಿಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುವೆ.

ಪಾಲಿಟೆಕ್ನಿಕ್ ಡಿಪ್ಲೊಮಾ ಎಸ್ಸೆಸ್ಸೆಲ್ಸಿ ನಂತರ ಮೂರು ವರ್ಷ. ಮುಗಿಸಿ ಕೆಲಸಕ್ಕೂ ಸೇರಬಹುದು. ಓದು ಮುಂದುವರಿಸಬೇಕೆಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಬಿಇಯ ಎರಡನೇ ವರ್ಷಕ್ಕೇ ಸೇರಬಹುದು. ಪಿಯುಸಿಯಿಂದ ಹೋದವರು ಬಿಇ ಮುಗಿಸಲು ಆರು ವರ್ಷ ತೆಗೆದುಕೊಂಡರೆ, ಡಿಪ್ಲೊಮಾದ ದಾರಿಯಲ್ಲೂ ಆರೇ ವರ್ಷ, ನಡುವೆ ಕೈಯಲ್ಲೊಂದು ಡಿಪ್ಲೊಮಾ ಬೇರೆ. ಎರಡು ವರ್ಷದ ಐಟಿಐ ಮುಗಿಸಿದವರಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ಲ್ಯಾಟರಲ್ ಪ್ರವೇಶವಿದೆ. ಅಂದರೆ ಐಟಿಐ ಹುಡುಗ ಮನಸ್ಸು ಮಾಡಿದರೆ ಎಂಜಿನಿಯರ್ ಆಗುವ ಮೆಟ್ಟಿಲು ಕಾನೂನುಬದ್ಧವಾಗಿ ಇದೆ. ಇದನ್ನು ಹೆತ್ತವರಿಗೆ ಹೇಳಿದಾಗ ಅವರ ಮುಖದಲ್ಲಿ ಕಾಣುವ ಬದಲಾವಣೆ ನೋಡುವಂಥದ್ದು.

ಐಟಿಐ ಎಂದರೆ ಕಡಿಮೆ ಅಂಕದವರು ಹೋಗುವ ಜಾಗ ಎಂಬ ಭಾವನೆ ನಮ್ಮ ಮಕ್ಕಳಿಗೆ ಮಾಡಿರುವ ಅನ್ಯಾಯ ದೊಡ್ಡದು. ಎಲೆಕ್ಟ್ರಿಷಿಯನ್, ಫಿಟ್ಟರ್, ಟರ್ನರ್, ಮೆಷಿನಿಸ್ಟ್ ಎರಡು ವರ್ಷದ ಟ್ರೇಡುಗಳು. ವೆಲ್ಡರ್, ಕಂಪ್ಯೂಟರ್ ಆಪರೇಟರ್ ಒಂದು ವರ್ಷದವು. ಸೇರುವ ಮೊದಲು ಆ ಐಟಿಐಗೆ ಹೋಗಿ ವರ್ಕ್‌ಶಾಪ್ ನೋಡಿ ಬನ್ನಿ. ಲೇತ್‌ಗಳ ಮೇಲೆ ಧೂಳು ಕೂತಿದೆಯೋ, ಮೆಷಿನ್ ಕೆಳಗೆ ಲೋಹದ ಚೂರು ಬಿದ್ದಿದೆಯೋ ನೋಡಿದರೆ ಅಲ್ಲಿ ಕಲಿಕೆ ನಡೆಯುತ್ತಿದೆಯೇ ಎಂದು ಗೊತ್ತಾಗುತ್ತದೆ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಹೊಸ ಯಂತ್ರಗಳೊಂದಿಗೆ ಮೇಲ್ದರ್ಜೆಗೇರಿಸಲಾಗಿದೆ, ನಿಮ್ಮ ಹತ್ತಿರದ್ದು ಅದರಲ್ಲಿದೆಯೇ ವಿಚಾರಿಸಿ.

ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ ಹೆಸರನ್ನು ಬಹಳ ಮಂದಿ ಕೇಳಿಲ್ಲ. ಜಿಟಿಟಿಸಿ ಎಂದರೆ ಕೈಗಾರಿಕೆಯವರಿಗೆ ಚೆನ್ನಾಗಿ ಗೊತ್ತು. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಸಂಸ್ಥೆ, ಈಗ ಹಲವು ಜಿಲ್ಲೆಗಳಲ್ಲಿ ಕೇಂದ್ರಗಳಿವೆ. ಅಲ್ಲಿನ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಮೂರು ವರ್ಷ ಕೇಂದ್ರದಲ್ಲಿ ಕಲಿಕೆ, ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ಪ್ಲಾಸ್ಟಿಕ್ ಬಕೆಟ್ಟಿನಿಂದ ಕಾರಿನ ಬಾಗಿಲಿನವರೆಗೆ ಏನನ್ನು ತಯಾರಿಸಬೇಕಾದರೂ ಮೊದಲು ಅಚ್ಚು ಬೇಕು. ಆ ಅಚ್ಚು ಮಾಡುವ ವಿದ್ಯೆ ಇದು, ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಅಳೆಯುವ ಕೈ ಬೇಕು. ಡ್ರಾಯಿಂಗ್‌ನಲ್ಲಿ ಅಚ್ಚುಕಟ್ಟು, ಗಣಿತದಲ್ಲಿ ಆಸಕ್ತಿ ಇರುವ ಮಗು ನಿಮ್ಮ ತರಗತಿಯಲ್ಲಿದ್ದರೆ ಈ ಹೆಸರನ್ನು ಅದರ ಕಿವಿಗೆ ಹಾಕಿ.

ಹೊಲದ ಕೆಲಸ ಇಷ್ಟಪಡುವ ಮಕ್ಕಳಿಗೆ ಕೃಷಿ ವಿಶ್ವವಿದ್ಯಾಲಯಗಳು ಎಸ್ಸೆಸ್ಸೆಲ್ಸಿ ನಂತರ ಎರಡು ವರ್ಷದ ಕೃಷಿ ಡಿಪ್ಲೊಮಾವನ್ನು ಕನ್ನಡ ಮಾಧ್ಯಮದಲ್ಲೇ ನಡೆಸುತ್ತವೆ. ತೋಟಗಾರಿಕೆಯಲ್ಲಿ, ಪಶುಸಂಗೋಪನೆಯಲ್ಲೂ ಇಂಥ ಡಿಪ್ಲೊಮಾಗಳಿವೆ. ಮುಂದೆ ಬಿಎಸ್ಸಿ ಕೃಷಿಗೆ ಹೋಗುವ ರೈತರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದ್ದು, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆ ನಡೆಯುತ್ತದೆ. ಮುಂದಿಟ್ಟ ಬೀಜ ಯಾವುದು, ಗೊಬ್ಬರ ಯಾವುದು, ಉಪಕರಣ ಯಾವುದಕ್ಕೆ ಎಂದು ಗುರುತಿಸಬೇಕು. ಶನಿವಾರ ಭಾನುವಾರ ಅಪ್ಪನ ಜೊತೆ ಹೊಲಕ್ಕೆ ಹೋದ ಮಗುವಿಗೆ ಆ ದಿನ ಅಂಕ ಬರುತ್ತದೆ. ಆರೋಗ್ಯ ಕ್ಷೇತ್ರದಲ್ಲಿ ಪ್ಯಾರಾಮೆಡಿಕಲ್ ಬೋರ್ಡಿನ ಲ್ಯಾಬ್ ಟೆಕ್ನಾಲಜಿ, ಎಕ್ಸ್‌ರೇ ಮುಂತಾದ ಡಿಪ್ಲೊಮಾಗಳು ಎಸ್ಸೆಸ್ಸೆಲ್ಸಿ ಮೇಲೆಯೇ ಸಿಗುತ್ತವೆ. ಮೈಸೂರಿನ ಸಿಪೆಟ್ ಸಂಸ್ಥೆಯಲ್ಲಿ ಪ್ಲಾಸ್ಟಿಕ್ ತಂತ್ರಜ್ಞಾನದ ಮೂರು ವರ್ಷದ ಡಿಪ್ಲೊಮಾ ಇದೆ.

ಬಸ್ ನಿಲ್ದಾಣದ ಗೋಡೆಗಳ ಮೇಲೆ “ನೂರಕ್ಕೆ ನೂರು ಕೆಲಸ ಗ್ಯಾರಂಟಿ” ಎಂಬ ಜಾಹೀರಾತುಗಳಿರುತ್ತವೆ. ಹಣ ಕಟ್ಟುವ ಮೊದಲು ಮಾನ್ಯತೆಯ ಪತ್ರ ಕೇಳಿ. ಐಟಿಐಗೆ ಕೇಂದ್ರದ ತರಬೇತಿ ಮಹಾನಿರ್ದೇಶನಾಲಯದ (ಡಿಜಿಟಿ) ಸಂಯೋಜನೆ, ಪಾಲಿಟೆಕ್ನಿಕ್‌ಗೆ ಎಐಸಿಟಿಇ ಅನುಮೋದನೆ, ನರ್ಸಿಂಗ್‌ಗೆ ನರ್ಸಿಂಗ್ ಪರಿಷತ್ತಿನ ಮಾನ್ಯತೆ, ಪ್ಯಾರಾಮೆಡಿಕಲ್‌ಗೆ ಬೋರ್ಡಿನ ಮಾನ್ಯತೆ ಇರಬೇಕು. ಅದೂ ನೀವು ಸೇರುವ ಆ ಕೋರ್ಸಿಗೆ, ಆ ವರ್ಷಕ್ಕೆ. ಪತ್ರ ತೋರಿಸಲು ಹಿಂಜರಿದರೆ ಎದ್ದು ಬನ್ನಿ. ಹೋದ ವರ್ಷ ಅಲ್ಲಿ ಓದಿದ ಇಬ್ಬರನ್ನು ಹುಡುಕಿ ಮಾತಾಡಿಸಿದರೆ ಇನ್ನೂ ಒಳ್ಳೆಯದು.

ಕಾಗದಪತ್ರ

ಸೀಟು ಸಿಕ್ಕಿಯೂ ಕಾಗದಕ್ಕಾಗಿ ಕೈತಪ್ಪುವುದು ಪ್ರತಿ ವರ್ಷ ನಡೆಯುತ್ತದೆ. ಕಾಗದಪತ್ರ ಸರಿಪಡಿಸಿಕೊಳ್ಳಲು ಒಂಬತ್ತನೇ ತರಗತಿಯೇ ಸರಿಯಾದ ಕಾಲ. ಶಾಲೆಯ ದಾಖಲಾತಿ ಪುಸ್ತಕ, ಸ್ಯಾಟ್ಸ್ (ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆ), ಆಧಾರ್, ಬ್ಯಾಂಕ್ ಪಾಸ್‌ಬುಕ್ ನಾಲ್ಕರಲ್ಲೂ ಹೆಸರು, ಇನಿಶಿಯಲ್, ತಂದೆ ತಾಯಿಯ ಹೆಸರು, ಹುಟ್ಟಿದ ದಿನ ಒಂದೇ ರೀತಿ ಇದೆಯೇ ನೋಡಿ. ಒಂದರಲ್ಲಿ ಮಂಜುನಾಥ ಎಂ., ಇನ್ನೊಂದರಲ್ಲಿ ಬರೀ ಮಂಜುನಾಥ, ಮತ್ತೊಂದರಲ್ಲಿ ಮಂಜುನಾಥಯ್ಯ ಎಂದಿದ್ದರೆ ಮುಂದೆ ಪ್ರತಿಯೊಂದು ಅರ್ಜಿಯಲ್ಲೂ ತೊಡಕು. ಎಸ್ಸೆಸ್ಸೆಲ್ಸಿ ನೋಂದಣಿಗೆ ವಿವರ ಕಳಿಸುವ ಮೊದಲು ಶಾಲೆ ತೋರಿಸುವ ಪಟ್ಟಿಯನ್ನು ಹೆತ್ತವರು ಓದಿಯೇ ಸಹಿ ಹಾಕಬೇಕು. ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದಿಸುವುದು ದೊಡ್ಡ ಅಲೆದಾಟ.

ಜಾತಿ ಮತ್ತು ಆದಾಯ ಪ್ರಮಾಣ ಪತ್ರವನ್ನು ನಾಡಕಚೇರಿಯಲ್ಲಿ ಮುಂಚಿತವಾಗಿ ಮಾಡಿಸಿ, ಅವಧಿ ಮುಗಿದಿದೆಯೇ ನೋಡಿಕೊಳ್ಳಿ. ಮಗುವಿನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದಿದ್ದರೆ ವಿದ್ಯಾರ್ಥಿವೇತನ ಮಂಜೂರಾದರೂ ಹಣ ಬರುವುದಿಲ್ಲ. ಒಂದರಿಂದ ಹತ್ತರವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ ಇದೆ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೂ ಮೀಸಲಾತಿ ಇದೆ. ಇವುಗಳ ವ್ಯಾಸಂಗ ಪ್ರಮಾಣ ಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕು. ಮೂರ್ನಾಲ್ಕು ಶಾಲೆ ಬದಲಿಸಿದ ಮಕ್ಕಳು ಪ್ರತಿ ಶಾಲೆಯಿಂದಲೂ ಪತ್ರ ತರಬೇಕಾಗುತ್ತದೆ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳವರು ಸಂವಿಧಾನದ 371(ಜೆ) ವಿಧಿಯ ಅರ್ಹತಾ ಪತ್ರವನ್ನು ಉಪವಿಭಾಗಾಧಿಕಾರಿ ಕಚೇರಿಯಿಂದ ಪಡೆಯಬೇಕು. ಆ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ. 70ರಷ್ಟು, ರಾಜ್ಯದ ಉಳಿದ ಕಡೆ ಶೇ. 8ರಷ್ಟು ಸೀಟು ಮೀಸಲಿರುವಾಗ ಒಂದು ಕಾಗದಕ್ಕಾಗಿ ಅದನ್ನು ಬಿಟ್ಟುಕೊಡುವುದು ಬೇಡ.

ಹೆಣ್ಣುಮಕ್ಕಳು, ಫೇಲಾದವರು

ಹುಡುಗಿಯರ ವಿಷಯದಲ್ಲಿ ಕೋರ್ಸ್ ಯಾವುದು ಎಂಬುದಕ್ಕಿಂತ ಕಾಲೇಜು ಎಷ್ಟು ದೂರ ಎಂಬುದೇ ಹೆಚ್ಚಿನ ಮನೆಗಳಲ್ಲಿ ತೀರ್ಮಾನ ಮಾಡುತ್ತದೆ. ಊರಿನ ಪಿಯು ಕಾಲೇಜಿನಲ್ಲಿ ಇರುವ ಕಾಂಬಿನೇಷನ್ನೇ ಅವಳ ಆಯ್ಕೆ ಎಂದಾಗುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ ಪ್ರಯಾಣ ಹೆಣ್ಣುಮಕ್ಕಳಿಗೆ ಉಚಿತವಾಗಿದೆ. ತಾಲ್ಲೂಕು ಕೇಂದ್ರದ ಪಾಲಿಟೆಕ್ನಿಕ್ ಈಗ ಮೊದಲಿನಷ್ಟು ದುಬಾರಿಯಲ್ಲ. ಬಸ್ಸಿನ ಸಮಯ, ಕತ್ತಲಾಗುವ ಮೊದಲು ವಾಪಸ್ ಬರುವ ಬಸ್, ಜೊತೆಗೆ ಹೋಗುವ ಗೆಳತಿಯರು, ಹಿಂದುಳಿದ ವರ್ಗಗಳ ಮತ್ತು ಸಮಾಜ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯ, ಇವನ್ನೆಲ್ಲ ಕಾಗದದ ಮೇಲೆ ಬರೆದು ತೋರಿಸಿದರೆ ಅಪ್ಪ ಅಮ್ಮ ಒಪ್ಪುತ್ತಾರೆ. “ಓದಿಸಿ” ಎಂಬ ಉಪದೇಶಕ್ಕೆ ಒಪ್ಪದವರು ಬಸ್ಸಿನ ವೇಳಾಪಟ್ಟಿಗೆ ಒಪ್ಪಿದ್ದನ್ನು ಶಿಕ್ಷಕಿಯರು ಹೇಳುತ್ತಾರೆ. ಅದೇ ಊರಿನಿಂದ ಹೋಗಿ ಓದಿದ ಅಕ್ಕನೊಬ್ಬಳನ್ನು ಪೋಷಕರ ಸಭೆಗೆ ಕರೆಸಿದರೆ ಇನ್ನೂ ಬಲ ಬರುತ್ತದೆ.

ಫೇಲಾದ ಮಕ್ಕಳಿಗೆ ಸಮಯವೇ ಎಲ್ಲ. 2023-24ರಿಂದ ಒಂದೇ ಶೈಕ್ಷಣಿಕ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಪದ್ಧತಿ ಬಂದಿದೆ. ಪರೀಕ್ಷೆ-1ರಲ್ಲಿ ಹೋದ ವಿಷಯವನ್ನು ಪರೀಕ್ಷೆ-2ರಲ್ಲಿ ಬರೆದು ಆ ವರ್ಷವೇ ಮುಂದಿನ ಓದಿಗೆ ಸೇರಬಹುದು. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಬರೆಯಬಹುದು, ಉತ್ತಮ ಅಂಕವೇ ಉಳಿಯುತ್ತದೆ. ಆದರೆ ಫಲಿತಾಂಶ ಬಂದ ಕೆಲವೇ ದಿನಗಳಲ್ಲಿ ನೋಂದಣಿ ಮುಗಿಯುತ್ತದೆ. ಅಷ್ಟರಲ್ಲಿ ಹುಡುಗ ಗಾರೆ ಕೆಲಸಕ್ಕೆ ಬೆಂಗಳೂರಿಗೆ ಹೋಗಿರುತ್ತಾನೆ, ಹುಡುಗಿಗೆ ಗಂಡು ನೋಡಲು ಶುರು ಮಾಡಿರುತ್ತಾರೆ. ಹದಿನೆಂಟು ತುಂಬದ ಹುಡುಗಿಯ ಮದುವೆ ಅಪರಾಧ ಎಂಬುದನ್ನು ಮನೆಯವರಿಗೆ ನೆನಪಿಸುವ ಹೊಣೆಯೂ ಆಗ ಶಾಲೆಯ ಮೇಲೆಯೇ ಬೀಳುತ್ತದೆ.

ಆದ್ದರಿಂದ ಮುಖ್ಯೋಪಾಧ್ಯಾಯರಲ್ಲಿ ಒಂದು ವಿನಂತಿ. ಫಲಿತಾಂಶದ ದಿನ ಹೆಚ್ಚು ಅಂಕ ಪಡೆದವರಿಗೆ ಸಿಹಿ ತಿನ್ನಿಸುವುದು ಸಂಜೆಗಾಗಲಿ. ಬೆಳಿಗ್ಗೆ ಮೊದಲು ಫೇಲಾದ ಪ್ರತಿ ಮಗುವಿನ ಮನೆಗೆ ಫೋನ್ ಮಾಡಿ, ಫೋನ್ ಸಿಗದ ಮನೆಗೆ ಯಾರನ್ನಾದರೂ ಕಳಿಸಿ, ಪರೀಕ್ಷೆ-2ರ ಅರ್ಜಿಗೆ ಅದೇ ವಾರ ಸಹಿ ಹಾಕಿಸಿಕೊಳ್ಳಿ. ಯಾವ ವಿಷಯ ಹೋಗಿದೆಯೋ ಆ ವಿಷಯದ ಶಿಕ್ಷಕರು ದಿನಕ್ಕೆರಡು ಗಂಟೆಯಂತೆ ಶಾಲೆಯಲ್ಲೇ ಕೂರಿಸಿಕೊಂಡು ಪಾಠ ಮಾಡಲಿ. ಗಣಿತದಲ್ಲಿ ಹೋದವರಿಗೆ ಹಿಂದಿನ ಮೂರು ಪ್ರಶ್ನೆಪತ್ರಿಕೆಗಳಿಂದ ಶುರು ಮಾಡಿದರೆ ಸಾಕು.